ಅಕ್ಷರಗಳನ್ನು ಹಿಂಡಬೇಡಿ, ಪ್ಲೀಸ್: ಇಂಪ್ಯಾಕ್ಟ್ ಫಾಂಟ್ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಫ್ಲೆಕ್ಸ್ ಬೋರ್ಡುಗಳ ಅಕ್ಷರದ ಬಗ್ಗೆ ಬರೆಯುವಾಗ ಇಂಪ್ಯಾಕ್ಟ್ ಎನ್ನುವ ಫಾಂಟ್ ಹೆಸರು ಬಂದಿತ್ತು. ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಬಂದ ಪತ್ರಗಳಲ್ಲಿ ಜಾಸ್ತಿ ಅದರ ಬಗ್ಗೆಯೇ ಇದ್ದವು. ಹಾಗಾಗಿ ಈ ಸಲ ಇಡೀ ಅಂಕಣ ಅದಕ್ಕೇ ಮೀಸಲು.

ಪ್ರಶ್ನೆ: ಮೀಮ್‌ಗಳಲ್ಲಿ ಬಿಳಿ ಬಣ್ಣದಲ್ಲಿ ದಪ್ಪಗೆ ಬರುತ್ತದಲ್ಲಾ, ಅದೇ ತಾನೇ ಇಂಪ್ಯಾಕ್ಟ್? ಅದನ್ನು ಮೀಮ್‌ಗೆ ಅಂತಲೇ ಮಾಡಿದ್ದಾ? (ದಾವಣಗೆರೆಯ ವಿದ್ಯಾರ್ಥಿ)

ಅದೇ. ಆದರೆ ಮೀಮ್‌ಗೆ ಅಂತ ಮಾಡಿದ್ದಲ್ಲ. ಇಂಟರ್ನೆಟ್ ಇನ್ನೂ ಇಲ್ಲದ ಕಾಲದ್ದು ಅದು.

1965ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಸ್ಟೀಫನ್ಸನ್ ಬ್ಲೇಕ್ ಎಂಬ ಕಂಪನಿ ಇದನ್ನು ಲೋಹದ ಅಚ್ಚುಮೊಳೆಗಳಲ್ಲಿ ಹೊರತಂದಿತು. ರೂಪಿಸಿದವರು ಜೆಫ್ರಿ ಲೀ, ಜಾಹೀರಾತು ವಿನ್ಯಾಸದವರು. ಆ ಹೊತ್ತಿಗೆ ಯುರೋಪಿನ ಪತ್ರಿಕೆ, ಪೋಸ್ಟರುಗಳಲ್ಲಿ ಇಂಥ ದಪ್ಪ, ಇಕ್ಕಟ್ಟಾದ ಅಕ್ಷರಗಳ ಗಾಳಿ ಬೀಸುತ್ತಿತ್ತು. ಸ್ವಿಟ್ಜರ್ಲೆಂಡಿನ ವಾಲ್ಟರ್ ಹೆಟೆನ್‌ಶ್ವೈಲರ್ 1954ರಲ್ಲೇ ಶ್ಮಾಲ್‌ಫೆಟ್ಟೆ ಗ್ರೋಟೆಸ್ಕ್ ಎಂಬ ಅಕ್ಷರಮಾಲೆ ಬರೆದಿದ್ದರು. 1963ರಲ್ಲಿ ಲೆಟ್ರಾಸೆಟ್ ಕಂಪನಿ ಫ್ರೆಡ್ ಲ್ಯಾಂಬರ್ಟ್ ಅವರ ಕಾಂಪ್ಯಾಕ್ಟಾ ತಂದಿತು. ಲೀ ಅವರ ಗುರಿ ತುಂಬಾ ನೇರ: ಸಿಕ್ಕ ಜಾಗದಲ್ಲಿ ಆದಷ್ಟು ಜಾಸ್ತಿ ಮಸಿ ಕೂರಬೇಕು, ಸಣ್ಣಕ್ಷರಗಳು ಆದಷ್ಟು ಎತ್ತರ ಇರಬೇಕು.

ಆ ಗುರಿ ಇಟ್ಟುಕೊಂಡು ಅಕ್ಷರಗಳನ್ನು ಒಮ್ಮೆ ನೋಡಿ, ಎಲ್ಲ ಅರ್ಥವಾಗುತ್ತದೆ. ಇಂಗ್ಲಿಷಿನ ‘ಓ’ ಎಂದರೆ ದುಂಡು ಅಂತ ನಮ್ಮ ಕಣ್ಣಿಗೆ ಅಭ್ಯಾಸ. ಇಂಪ್ಯಾಕ್ಟ್‌ನಲ್ಲಿ ಅದು ಎರಡು ನೆಟ್ಟನೆಯ ದಪ್ಪ ಗೋಡೆ, ನಡುವೆ ಒಂದು ಸೀಳು. ಸಣ್ಣಕ್ಷರಗಳು ಬೆಳೆದು ದೊಡ್ಡಕ್ಷರಗಳ ಹೆಗಲಿಗೆ ಬಂದಿವೆ. ‘ಬಿ’, ‘ಡಿ’ಗಳ ಮೇಲೆ ಚಾಚುವ ಕಡ್ಡಿ ಮೊಟಕು. ‘ಪಿ’, ‘ಜಿ’ಗಳ ಕೆಳಗಿಳಿಯುವ ಬಾಲವೂ ಮೊಟಕು. ಮೇಲೆ ಕೆಳಗೆ ಏನೂ ಚಾಚದ ಕಾರಣ ಸಾಲಿನ ಕೆಳಗೆ ಸಾಲು ಒತ್ತಿ ಕೂರಿಸಬಹುದು, ಇಡೀ ಮಾತು ಒಂದು ಕಪ್ಪು ಗೋಡೆಯಾಗಿ ನಿಲ್ಲುತ್ತದೆ. ಸ್ವಲ್ಪ ವಿಚಿತ್ರವಾದ ರೂಪ, ನಿಜ. ನನಗೆ ಮಾತ್ರ ತುಂಬಾ ಇಷ್ಟ. ಹೆಸರಿಗೆ ತಕ್ಕ ಹಾಗೆ ಹೊಡೆತ ಕೊಡುವ ಅಕ್ಷರ.

ಇದು ಎಲ್ಲರ ಕಂಪ್ಯೂಟರಿಗೆ ಬಂದದ್ದು ಮೈಕ್ರೋಸಾಫ್ಟ್‌ನಿಂದ. ವೆಬ್ ಪುಟಗಳು ಎಲ್ಲ ಕಡೆ ಒಂದೇ ಥರ ಕಾಣಲಿ ಅಂತ 1996ರಲ್ಲಿ ಅವರು ಕೆಲವು ಫಾಂಟ್‌ಗಳನ್ನು ಉಚಿತವಾಗಿ ಹಂಚಲು ಶುರುಮಾಡಿದರು. ಏರಿಯಲ್, ವರ್ಡಾನಾ, ಜಾರ್ಜಿಯಾ, ಕಾಮಿಕ್ ಸ್ಯಾನ್ಸ್ ಜೊತೆಗೆ ಇಂಪ್ಯಾಕ್ಟ್ ಕೂಡ ಆ ಗುಂಪಿನಲ್ಲಿತ್ತು. ಆಮೇಲೆ ಮೀಮ್ ಮಾಡುವವರಿಗೆ ದಪ್ಪ ಫಾಂಟ್ ಬೇಕಾದಾಗ, ಪ್ರತಿ ಕಂಪ್ಯೂಟರಿನಲ್ಲೂ ಇದ್ದದ್ದು ಇದೇ.

ಪ್ರಶ್ನೆ: ನಮ್ಮೂರ ಕಬಡ್ಡಿ ಟೂರ್ನಿಗೆ ಪೋಸ್ಟರ್ ಮಾಡುತ್ತಿದ್ದೆ. ಇಂಪ್ಯಾಕ್ಟ್ ಆರಿಸಿ ಟೈಪ್ ಮಾಡಿದರೆ ಇಂಗ್ಲಿಷ್ ದಪ್ಪ ಬರುತ್ತದೆ, ಕನ್ನಡ ಮಾತ್ರ ಸಪೂರ. ನನ್ನ ಕಂಪ್ಯೂಟರಿನದ್ದು ತೊಂದರೆಯಾ? (ಚನ್ನರಾಯಪಟ್ಟಣ)

ಕಂಪ್ಯೂಟರ್ ಸರಿ ಇದೆ. ಇಂಪ್ಯಾಕ್ಟ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ನೀವು ಕನ್ನಡ ಟೈಪ್ ಮಾಡಿದ ತಕ್ಷಣ ವಿಂಡೋಸ್ ತನ್ನ ಬಳಿ ಇರುವ ಬೇರೆ ಕನ್ನಡ ಫಾಂಟ್ ತಂದು ತುಂಬಿಸುತ್ತದೆ. ಹಳೆಯ ವಿಂಡೋಸ್‌ನಲ್ಲಿ ಅದು ತುಂಗಾ, ಹೊಸದರಲ್ಲಿ ನಿರ್ಮಲಾ ಯುಐ. ಎರಡೂ ಪರದೆಯ ಮೇಲೆ ಸಣ್ಣ ಅಕ್ಷರ ಓದಲಿಕ್ಕೆ ಮಾಡಿದವು, ಪೋಸ್ಟರಿನ ದಪ್ಪ ಅವುಗಳಲ್ಲಿ ಇಲ್ಲ. ಇನ್ನು ಕೆಲವು ತಂತ್ರಾಂಶಗಳಲ್ಲಿ ಅದೂ ಇಲ್ಲ, ಬರೀ ಖಾಲಿ ಚೌಕಗಳು ಬರುತ್ತವೆ.

ಹಾಗಾಗಿ ಕನ್ನಡಕ್ಕೆ ಬೇರೆ ಫಾಂಟ್ ಆರಿಸಲೇಬೇಕು. ಯಾವುದು ಅಂತ ಕೆಳಗೆ ಹೇಳುತ್ತೇನೆ. ಜರ್ಸಿ ಮೇಲಿನ ನಂಬರಿಗೆ ಇಂಪ್ಯಾಕ್ಟ್ ಧಾರಾಳವಾಗಿ ಬಳಸಿ. ಅದರ ಅಂಕಿಗಳು ಬೆನ್ನಿನ ಮೇಲೆ ಚೆನ್ನಾಗಿ ಕೂರುತ್ತವೆ, ಎರಡಂಕಿ ನಂಬರೂ ಇಕ್ಕಟ್ಟಾಗದೆ ಹಿಡಿಸುತ್ತದೆ, ಅಂಕಣದ ಆಚೆ ಕೂತವರಿಗೂ ಕಾಣುತ್ತದೆ.

ಪ್ರಶ್ನೆ: ಕನ್ನಡ ಫಾಂಟ್ ತಗೊಂಡು ಬೋಲ್ಡ್ ಮಾಡಿ, ಅಗಲ ಶೇ 60ಕ್ಕೆ ಇಳಿಸಿದರೆ ಇಂಪ್ಯಾಕ್ಟ್ ಥರಾನೇ ಆಗುತ್ತಲ್ವಾ? ಇದಕ್ಕೆ ಬೇರೆ ಫಾಂಟ್ ಯಾಕೆ? ನಾವು ಅಂಗಡಿಯಲ್ಲಿ ದಿನಾ ಮಾಡೋದು ಹೀಗೇ. (ಡಿಟಿಪಿ ಕೆಲಸ ಮಾಡುವ ಓದುಗರು, ಗದಗ)

ದಯವಿಟ್ಟು ಮಾಡಬೇಡಿ. ಬೇಸರ ಮಾಡಿಕೊಳ್ಳಬೇಡಿ, ನೀವು ಕೇಳಿದ್ದರಿಂದ ಖುಷಿಯಾಯಿತು, ಯಾಕೆಂದರೆ ಈ ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳಬೇಕು ಅಂತ ತುಂಬಾ ದಿನದಿಂದ ಇತ್ತು.

ಮೌಸ್ ಹಿಡಿದು ಅಕ್ಷರವನ್ನು ಅಡ್ಡಕ್ಕೆ ಹಿಂಡಿದಾಗ ಏನಾಗುತ್ತದೆ ನೋಡಿ. ನೆಟ್ಟಗಿರುವ ಗೆರೆಗಳು ಶೇ 60ರಷ್ಟು ದಪ್ಪಕ್ಕೆ ಇಳಿಯುತ್ತವೆ. ಅಡ್ಡ ಮಲಗಿರುವ ಗೆರೆಗಳು ಮೊದಲಿದ್ದಷ್ಟೇ ದಪ್ಪ ಉಳಿಯುತ್ತವೆ. ಈಗ ‘ಕ’ ಅಕ್ಷರ ಯೋಚಿಸಿ. ಅದರ ತಲೆಕಟ್ಟು ಅಡ್ಡಗೆರೆ, ನಡುವಿನದ್ದೂ ಅಡ್ಡಗೆರೆ, ಅವೆರಡೂ ದಪ್ಪಗೇ ಉಳಿದವು. ಕೆಳಗಿನ ದುಂಡು ಮಾತ್ರ ಎರಡೂ ಪಕ್ಕ ಸಣಕಲಾಯಿತು. ತಲೆ ದಪ್ಪ, ಮೈ ಬಡಕಲು. ಕನ್ನಡದ ಬಹುತೇಕ ಅಕ್ಷರಗಳು ದುಂಡು, ಅದಕ್ಕೇ ಈ ಪೆಟ್ಟು ಇಡೀ ಅಕ್ಷರಮಾಲೆಗೆ ಬೀಳುತ್ತದೆ.

ಕೈಯಲ್ಲಿ ಬೋರ್ಡ್ ಬರೆಯುವ ಕಲಾವಿದರು ಇದನ್ನು ಹೇಗೆ ಮಾಡುತ್ತಾರೆ ಗಮನಿಸಿ. ಜಾಗ ಕಡಿಮೆ ಇದ್ದರೆ ಅವರೂ ಅಕ್ಷರ ಕಿರಿದು ಮಾಡುತ್ತಾರೆ, ಆದರೆ ಕೈಯಲ್ಲಿರುವ ಬ್ರಷ್ ಅದೇ ಇರುತ್ತದೆ, ಗೆರೆಯ ದಪ್ಪ ಬದಲಾಗುವುದಿಲ್ಲ, ದುಂಡನ್ನು ಸ್ವಲ್ಪ ಚಪ್ಪಟೆ ಮಾಡಿ ನೆಟ್ಟಗೆ ಎಳೆಯುತ್ತಾರೆ, ಒಳಗಿನ ಖಾಲಿ ಜಾಗವನ್ನು ಮಾತ್ರ ಕಮ್ಮಿ ಮಾಡುತ್ತಾರೆ. ಜೆಫ್ರಿ ಲೀ ಇಂಪ್ಯಾಕ್ಟ್‌ನಲ್ಲಿ ಮಾಡಿದ್ದೂ ಅದನ್ನೇ. ಅದು ಹಿಂಡಿದ ಅಕ್ಷರವಲ್ಲ. ಮೊದಲಿಂದಲೇ ಕಿರಿದಾಗಿ ಬರೆದ ಅಕ್ಷರ.

ಹಿಂಡಿದ ಮೇಲೆ ಸಪೂರ ಆಯ್ತು ಅಂತ ಕೆಲವರು ಸುತ್ತ ಒಂದು ಔಟ್‌ಲೈನ್ ಹಾಕಿ ದಪ್ಪ ಮಾಡುತ್ತಾರೆ. ಅದು ಇನ್ನೂ ಕೆಟ್ಟದ್ದು. ದ, ಧ, ಥ ಈ ಮೂರಕ್ಕೂ ಇರುವ ವ್ಯತ್ಯಾಸ ಏನು? ಕೆಳಗೆ ಒಂದು ಸೀಳು, ಒಳಗೆ ಒಂದು ಚುಕ್ಕೆ, ಅಷ್ಟೇ. ಬ ಮತ್ತು ಭ ನಡುವೆಯೂ ಒಂದು ಸೀಳು. ಪ ಮತ್ತು ಷ ನಡುವೆ ಒಂದು ಸಣ್ಣ ಒಳಗೆರೆ. ಔಟ್‌ಲೈನ್ ಒಳಮುಖವಾಗಿ ಬೆಳೆದರೆ ಮೊದಲು ಮುಚ್ಚಿಹೋಗುವುದು ಇವೇ. ಇಂಗ್ಲಿಷಿನಲ್ಲಿ ‘ಓ’ ಒಳಗಿನ ಸೀಳು ಮುಚ್ಚಿದರೂ ಪದ ಗೊತ್ತಾಗುತ್ತದೆ. ನಮ್ಮಲ್ಲಿ ಸೀಳು ಮುಚ್ಚಿದರೆ ಅಕ್ಷರವೇ ಬದಲಾಗಿಬಿಡುತ್ತದೆ.

ಇನ್ನೊಂದು ಮುಖ್ಯ ವಿಷಯ ಒತ್ತು. ಇಂಪ್ಯಾಕ್ಟ್‌ನ ಗುಟ್ಟು ಇರುವುದು ಮೇಲೆ ಕೆಳಗೆ ಚಾಚುವುದನ್ನು ಮೊಟಕು ಮಾಡಿ ನಡುವಿನ ಮೈಯನ್ನು ಎತ್ತರ ಮಾಡುವುದರಲ್ಲಿ. ಕನ್ನಡದಲ್ಲಿ ಇದು ನಡೆಯುವುದಿಲ್ಲ. ‘ಕಬಡ್ಡಿ’ ಎಂದು ಬರೆದ ತಕ್ಷಣ ಡ ಕೆಳಗೆ ಇನ್ನೊಂದು ಡ ಬಂದು ಕೂರುತ್ತದೆ. ‘ರಾಷ್ಟ್ರೀಯ’ ಅಂದರೆ ಎರಡು ಒತ್ತು. ಅದಕ್ಕೆ ಕೆಳಗೆ ಜಾಗ ಕೊಡಲೇಬೇಕು. ಒತ್ತನ್ನು ಚಿಕ್ಕದು ಮಾಡಿದರೆ ದೂರದಿಂದ ಓದಲಾಗದು, ಸಾಲುಗಳ ಅಂತರ ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ದೊಡ್ಡಕ್ಷರ, ಸಣ್ಣಕ್ಷರ ಅನ್ನುವ ಭೇದವೂ ನಮ್ಮಲ್ಲಿ ಇಲ್ಲ, ಇಂಗ್ಲಿಷಿನಲ್ಲಿ ಬರೀ ದೊಡ್ಡಕ್ಷರ ಬಳಸಿ ಸಮನಾದ ಗೋಡೆ ಕಟ್ಟುವ ಹಾಗೆ ಕನ್ನಡದಲ್ಲಿ ಕಟ್ಟಲಾಗದು. ಇದನ್ನು ಕನ್ನಡದ ಕೊರತೆ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನಮ್ಮ ಸಾಲಿಗೆ ಮೇಲೂ ಕೆಳಗೂ ಕೆಲಸ ಇದೆ, ವಿನ್ಯಾಸ ಮಾಡುವವರು ಅದನ್ನು ಲೆಕ್ಕಕ್ಕೆ ತಗೊಳ್ಳಬೇಕು.

ಶೇ 95, ಶೇ 93 ಹೀಗೆ ಒಂದು ತಲೆಬರಹ ಕೂರಿಸಲಿಕ್ಕೆ ಚೂರು ಇಳಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಶೇ 60 ಬೇಡ.

ಪ್ರಶ್ನೆ: ಹಾಗಾದರೆ ಕಿರಿದಾಗಿಯೇ ಬರೆದ ಕನ್ನಡ ಫಾಂಟ್ ಇದೆಯಾ? ದುಡ್ಡು ಕೊಡದೆ ಸಿಗಬೇಕು. (ಶಿರಸಿ)

ಇದೆ. ಮೊದಲು ನೋಡಬೇಕಾದದ್ದು ಅನೇಕ್ ಕನ್ನಡ. ಮುಂಬೈನ ಏಕ್ ಟೈಪ್ ತಂಡದ್ದು, 2022ರಲ್ಲಿ ಗೂಗಲ್ ಫಾಂಟ್ಸ್‌ನಲ್ಲಿ ಬಂತು. ಅನೇಕ್ ಕುಟುಂಬದಲ್ಲಿ ಒಟ್ಟು 10 ಲಿಪಿಗಳಿವೆ, ಕನ್ನಡ ಅದರಲ್ಲಿ ಒಂದು. ಇದರ ವಿಶೇಷ ಏನೆಂದರೆ ತೂಕ (ಅಂದರೆ ಗೆರೆಯ ದಪ್ಪ) ಮತ್ತು ಅಗಲ ಎರಡನ್ನೂ ಬೇರೆ ಬೇರೆಯಾಗಿ ಬದಲಾಯಿಸಬಹುದು. ತೂಕ 100ರಿಂದ 800ರವರೆಗೆ, ಅಗಲ 75ರಿಂದ 125ರವರೆಗೆ. ಅಗಲ 75ಕ್ಕೆ ಇಳಿಸಿದರೂ ಗೆರೆಗಳ ದಪ್ಪದ ಹದ ತಪ್ಪುವುದಿಲ್ಲ, ಯಾಕೆಂದರೆ ಆ ಕಿರಿದಾದ ರೂಪವನ್ನು ವಿನ್ಯಾಸಕರು ಕೂತು ಬರೆದಿದ್ದಾರೆ. ಪೋಸ್ಟರಿಗೆ ಅಗಲ 75, ತೂಕ 800 ಇಟ್ಟು ನೋಡಿ. ಇಂಪ್ಯಾಕ್ಟ್‌ನಷ್ಟು ಕಪ್ಪು ಬರುವುದಿಲ್ಲ, ಆದರೆ ಗಟ್ಟಿಯಾಗಿ ಕಾಣುತ್ತದೆ, ಮತ್ತು ಒತ್ತುಗಳು ಸಲೀಸಾಗಿ ಓದಲಿಕ್ಕೆ ಬರುತ್ತವೆ.

ನಿಮ್ಮ ತಂತ್ರಾಂಶ ಹಳೆಯದಾಗಿದ್ದು ತೂಕ, ಅಗಲ ಬದಲಾಯಿಸುವ ಜಾರುವ ಹಿಡಿಗಳು (ಸ್ಲೈಡರ್) ಕಾಣದಿದ್ದರೆ ಚಿಂತೆ ಬೇಡ. ಡೌನ್‌ಲೋಡ್ ಮಾಡಿದ ಕಡತದೊಳಗೆ ಒಂದೊಂದು ರೂಪವೂ ಬೇರೆ ಬೇರೆ ಫೈಲಾಗಿ ಇರುತ್ತದೆ. ಅದರಲ್ಲಿ ಕಂಡೆನ್ಸ್ಡ್ ಎಕ್ಸ್‌ಟ್ರಾಬೋಲ್ಡ್ ಎಂದಿರುವುದನ್ನು ಹಾಕಿಕೊಳ್ಳಿ.

ಇನ್ನೂ ಕಿರಿದು ಬೇಕು ಅಂದರೆ ನೋಟೋ ಸ್ಯಾನ್ಸ್ ಕನ್ನಡದ ಎಕ್ಸ್‌ಟ್ರಾ ಕಂಡೆನ್ಸ್ಡ್ ರೂಪ ಇದೆ. ಅದರ ಅಗಲ 62.5ರವರೆಗೆ ಇಳಿಯುತ್ತದೆ, ತೂಕ 900ರವರೆಗೆ ಏರುತ್ತದೆ. ನೋಡಲು ಸ್ವಲ್ಪ ಸಪ್ಪೆ ಅನ್ನಿಸಬಹುದು. ಕೋಷ್ಟಕ, ದರಪಟ್ಟಿ, ಬಸ್ ವೇಳಾಪಟ್ಟಿ ಇಂಥ ಕಡೆ ಚೆನ್ನಾಗಿ ಕೆಲಸ ಮಾಡುತ್ತದೆ.

ಒಂದು ಎಚ್ಚರಿಕೆ. ಹಳೆಯ ‘ನುಡಿ’ ತಂತ್ರಾಂಶದ ಫಾಂಟ್ ಅಥವಾ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಥರ ನಡೆಯುವ ಅಕ್ಷರ ಸಂಕೇತ) ಅಲ್ಲದ ಬೇರೆ ಫಾಂಟ್‌ನಲ್ಲಿ ಟೈಪ್ ಮಾಡಿದ ಬರಹವನ್ನು ನೇರವಾಗಿ ಈ ಫಾಂಟ್‌ಗೆ ಬದಲಾಯಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಒಮ್ಮೆ ಪೂರ್ತಿ ಓದಿ. ಅರ್ಕಾವತ್ತು ಇರುವ ಪದಗಳನ್ನು ಎರಡು ಸಲ ಓದಿ.

ಪ್ರಶ್ನೆ: ಗೃಹಪ್ರವೇಶದ ಆಮಂತ್ರಣದಲ್ಲಿ ವಿಳಾಸಕ್ಕೆ ಇಂಪ್ಯಾಕ್ಟ್ ಹಾಕಿದರೆ ಎದ್ದು ಕಾಣುತ್ತಾ? (ತುಮಕೂರು)

ಬೇಡ. ಅಷ್ಟು ಸಣ್ಣದರಲ್ಲಿ ‘ಎ’, ‘ಇ’, ‘ಎಸ್’ ಅಕ್ಷರಗಳ ಒಳಗಿನ ಸೀಳುಗಳು ಮಸಿಯಿಂದ ಮುಚ್ಚಿಹೋಗುತ್ತವೆ, ಮನೆ ನಂಬರ್ 8 ಇದೆಯೋ 6 ಇದೆಯೋ ಗೊತ್ತಾಗದೆ ನೆಂಟರು ಪಕ್ಕದ ಮನೆ ಬೆಲ್ ಒತ್ತುತ್ತಾರೆ. ಇಂಥ ಫಾಂಟ್ ಇರುವುದು ನಾಲ್ಕೈದು ಪದಕ್ಕೆ, ದೊಡ್ಡದಾಗಿ. ಪ್ಯಾರಾಗ್ರಾಫಿಗೆ, ವಿಳಾಸಕ್ಕೆ, ಫೋನ್ ನಂಬರಿಗೆ ಸಾಮಾನ್ಯ ಅಗಲದ ಫಾಂಟ್ ಬಳಸಿ, ಬೇಕಾದರೆ ಬೋಲ್ಡ್ ಮಾಡಿ.

ಪ್ರಶ್ನೆ: ನಾನು ಕನ್ನಡ ಮೀಮ್ ಪೇಜ್ ನಡೆಸುತ್ತೇನೆ. ಬಿಳಿ ಅಕ್ಷರಕ್ಕೆ ಕಪ್ಪು ಅಂಚು ಹಾಕುವುದು ಯಾಕೆ ಅಂತ ಗೊತ್ತಿಲ್ಲದೇ ಹಾಕುತ್ತಿದ್ದೇನೆ. ಕನ್ನಡದಲ್ಲಿ ಅದು ಕೆಸರಿನ ಥರ ಕಾಣುತ್ತದೆ. (ಮೈಸೂರು)

ಕಾರಣ ಸರಳ. ಫೋಟೋ ಹೇಗಿರುತ್ತದೋ ಮೊದಲೇ ಗೊತ್ತಿರುವುದಿಲ್ಲ. ಹಿಂದೆ ಕತ್ತಲೆ ಇದ್ದರೆ ಬಿಳಿ ಅಕ್ಷರ ಕಾಣುತ್ತದೆ, ಬೆಳಕಿದ್ದರೆ ಕಪ್ಪು ಅಂಚು ಕಾಣುತ್ತದೆ. ಒಂದಲ್ಲ ಒಂದು ಉಳಿಯುತ್ತದೆ. ಗೆರೆ ದಪ್ಪ ಇರುವುದರಿಂದ ಅದೇ ಚಿತ್ರ ಹತ್ತಾರು ಕೈ ದಾಟಿ, ಪ್ರತಿ ಸಲ ಕುಗ್ಗಿ, ಮಬ್ಬಾಗಿ ಬಂದರೂ ಓದಬಹುದು.

ಕನ್ನಡದಲ್ಲಿ ಕೆಸರಾಗುವುದು ಅಂಚು ಅರ್ಧ ಒಳಗೆ, ಅರ್ಧ ಹೊರಗೆ ಬೆಳೆಯುವುದರಿಂದ. ಮೇಲೆ ಹೇಳಿದ ಹಾಗೆ ಸೀಳುಗಳು ಮುಚ್ಚುತ್ತವೆ. ಅಂಚನ್ನು ಅಕ್ಷರದ ಹಿಂದೆ ಹಾಕಿ. ಕೋರೆಲ್‌ಡ್ರಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಇದಕ್ಕೆ ಬಿಹೈಂಡ್ ಫಿಲ್ ಎಂಬ ಆಯ್ಕೆ ಇದೆ. ಮೊಬೈಲ್ ಆ್ಯಪ್‌ನಲ್ಲಿ ಹಾಗೆ ಮಾಡಲು ಬರದಿದ್ದರೆ ಒಂದೇ ಬರಹದ ಎರಡು ಪ್ರತಿ ಮಾಡಿ: ಕೆಳಗಿನದ್ದು ಕಪ್ಪು, ದಪ್ಪ ಅಂಚಿನ ಸಮೇತ, ಮೇಲಿನದ್ದು ಬಿಳಿ, ಅಂಚಿಲ್ಲದೆ. ಎರಡನ್ನೂ ಒಂದರ ಮೇಲೊಂದು ಸರಿಯಾಗಿ ಕೂರಿಸಿ. ಸಾಲುಗಳ ನಡುವೆ ಇಂಗ್ಲಿಷ್ ಮೀಮ್‌ಗಿಂತ ಜಾಸ್ತಿ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಒತ್ತಿನ ಅಂಚು ಕೆಳಗಿನ ಸಾಲನ್ನು ನುಂಗುತ್ತದೆ.

ಪ್ರಶ್ನೆ: ಇಂಪ್ಯಾಕ್ಟ್ ನೋಡಿ ನೋಡಿ ಕಣ್ಣಿಗೆ ಸಾಕಾಗಿದೆ. ಅದೇ ಥರ ಬೇರೆ ಹೇಳಿ. (ಬೆಂಗಳೂರು)

ಗೂಗಲ್ ಫಾಂಟ್ಸ್‌ನಲ್ಲಿ ಆ್ಯಂಟನ್ ಇದೆ, ವರ್ನನ್ ಆ್ಯಡಮ್ಸ್ ಅವರದ್ದು. ಇಂಪ್ಯಾಕ್ಟ್‌ನಷ್ಟೇ ದಪ್ಪ, ಆದರೆ ಮೂಲೆಗಳು ಇನ್ನೂ ಚೊಕ್ಕ. ಸ್ವಲ್ಪ ಹಗುರ ಬೇಕಾದರೆ ಅವರದ್ದೇ ಓಸ್ವಾಲ್ಡ್. ಹಳೆಯ ಪತ್ರಿಕೆಯ ಖದರ್ ಬೇಕಾದರೆ ಲೀಗ್ ಗಾಥಿಕ್ ನೋಡಿ, ಅಮೆರಿಕದ ಮಾರಿಸ್ ಫುಲ್ಲರ್ ಬೆಂಟನ್ 1903ರಲ್ಲಿ ಮಾಡಿದ ಆಲ್ಟರ್ನೇಟ್ ಗಾಥಿಕ್ ಅನ್ನು ಆಧರಿಸಿದ್ದು. ಜಪಾನಿನ ರ್ಯೋಇಚಿ ತ್ಸುನೆಕಾವಾ ಅವರ ಬೆಬಾಸ್ ನ್ಯೂ ಬರೀ ದೊಡ್ಡಕ್ಷರಗಳದ್ದು, ಈಗ ಎಲ್ಲ ಕಡೆ ಕಾಣುತ್ತದೆ.

ಇನ್ನೂ ವಿಚಿತ್ರವಾದದ್ದು ಬೇಕಾ? 1935ರ ಹಕ್ಸ್ಲಿ ವರ್ಟಿಕಲ್ ಹುಡುಕಿ. ದಾರದಷ್ಟು ತೆಳ್ಳಗೆ, ಉದ್ದಕ್ಕೆ ನಿಂತ ಅಕ್ಷರಗಳು, ಅಡ್ಡಗೆರೆಗಳು ಕಂಬ ದಾಟಿ ಎಡಕ್ಕೆ ಚಾಚಿರುತ್ತವೆ. ಕಾಫಿ ಅಂಗಡಿಯ ಹೆಸರಿಗೆ ಬಹಳ ಚೆಂದ. ಜಾತ್ರೆಯ ಬ್ಯಾನರಿಗೆ ಬೇಡ, ಹತ್ತು ಹೆಜ್ಜೆ ದೂರದಿಂದ ಕಾಣುವುದಿಲ್ಲ.

ಆ್ಯಂಟನ್, ಓಸ್ವಾಲ್ಡ್, ಲೀಗ್ ಗಾಥಿಕ್, ಬೆಬಾಸ್ ನ್ಯೂ ಮತ್ತು ಅನೇಕ್ ಎಲ್ಲವೂ ಮುಕ್ತ ಪರವಾನಗಿಯವು, ವ್ಯಾಪಾರಕ್ಕೂ ಬಳಸಬಹುದು. ಇಂಪ್ಯಾಕ್ಟ್ ವಿಂಡೋಸ್ ಜೊತೆ ಬರುವುದು, ಅದರ ಫೈಲನ್ನು ಬೇರೆಯವರಿಗೆ ಹಂಚುವ ಹಾಗಿಲ್ಲ.

ಪ್ರಶ್ನೆ: ನಮ್ಮ ತಿಂಡಿ ಹೋಟೆಲಿಗೆ 10 ಅಡಿ ಅಗಲ, 3 ಅಡಿ ಎತ್ತರದ ಬೋರ್ಡ್. ಹೆಸರು ಅನ್ನಪೂರ್ಣೇಶ್ವರಿ. ಕನ್ನಡ, ಇಂಗ್ಲಿಷ್ ಎರಡೂ ಬೇಕು. ಶೇ 60 ಕನ್ನಡ ಇರಬೇಕು ಅಂತಾರೆ. ಹೇಗೆ ಕೂರಿಸೋದು? (ಹಾಸನ)

ಇಂಪ್ಯಾಕ್ಟ್ ಥರದ ಫಾಂಟ್‌ಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ಪ್ರಕಾರ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಹೆಚ್ಚಿನವರು ಕನ್ನಡವನ್ನು ಹಿಂಡಿ, ಇಂಗ್ಲಿಷನ್ನು ಆರಾಮಾಗಿ ಅಗಲಕ್ಕೆ ಬಿಡುತ್ತಾರೆ. ನೀವು ಉಲ್ಟಾ ಮಾಡಿ.

ನಿಮ್ಮ ಹೋಟೆಲಿನ ಹೆಸರನ್ನೇ ಎಣಿಸಿ. ಅ, ನ್ನ, ಪೂ, ರ್ಣೇ, ಶ್ವ, ರಿ. ಕನ್ನಡದಲ್ಲಿ 6 ಅಕ್ಷರ. ಅದನ್ನೇ ಇಂಗ್ಲಿಷಿನಲ್ಲಿ ‘ಓ’ ಎರಡು ಸಲ ಹಾಕಿ ಬರೆದರೆ 16 ಅಕ್ಷರ. ನಮ್ಮ ಹೆಸರುಗಳು ಇಂಗ್ಲಿಷಿಗೆ ಹೋದ ತಕ್ಷಣ ಉದ್ದವಾಗುತ್ತವೆ, ಮತ್ತು ಇಂಗ್ಲಿಷ್ ಲಿಪಿ ಇಕ್ಕಟ್ಟಿಗೆ ಚೆನ್ನಾಗಿ ಒಗ್ಗುತ್ತದೆ. ಅದಕ್ಕೇ ಇಕ್ಕಟ್ಟಾದ ಫಾಂಟ್ ಇಂಗ್ಲಿಷಿಗೆ ಕೊಡಿ, ಜಾಗ ಕನ್ನಡಕ್ಕೆ ಕೊಡಿ.

ಮೇಲಿನ 2 ಅಡಿ ಪೂರ್ತಿ ಕನ್ನಡಕ್ಕೆ. ಅನೇಕ್ ಕನ್ನಡ, ತೂಕ 800, ಅಗಲ ಮಾಮೂಲಿ 100. ಈ ಹೆಸರಿನಲ್ಲಿ ನ್ನ, ರ್ಣೇ, ಶ್ವ ಮೂರಕ್ಕೂ ಕೆಳಗೆ ಅಥವಾ ಪಕ್ಕಕ್ಕೆ ಜಾಗ ಬೇಕು, ಒತ್ತಿನ ಕೆಳಗೆ 2 ಇಂಚಾದರೂ ಖಾಲಿ ಬಿಡಿ. ಕೆಳಗಿನ ಪಟ್ಟಿಯಲ್ಲಿ ಇಂಗ್ಲಿಷ್ ಒಂದೇ ಸಾಲು, ಇಂಪ್ಯಾಕ್ಟ್ ಅಥವಾ ಆ್ಯಂಟನ್‌ನಲ್ಲಿ, 6 ಇಂಚು ಎತ್ತರ, ಎಲ್ಲ ದೊಡ್ಡಕ್ಷರ, ಅಕ್ಷರಗಳ ನಡುವೆ ಒಂದು ಚೂರು ಜಾಸ್ತಿ ಅಂತರ ಇಟ್ಟು. ಆ 16 ಅಕ್ಷರ ಬೋರ್ಡಿನ ಸುಮಾರು ಅರ್ಧ ಅಗಲದಲ್ಲಿ ಕೂರುತ್ತವೆ, ಪಕ್ಕದಲ್ಲಿ ಫೋನ್ ನಂಬರಿಗೂ ಜಾಗ ಉಳಿಯುತ್ತದೆ. 1 ಇಂಚಿನ ಅಕ್ಷರ 10 ಅಡಿ ದೂರಕ್ಕೆ ಚೆನ್ನಾಗಿ ಕಾಣುತ್ತದೆ ಅನ್ನುವುದು ಬೋರ್ಡ್ ಮಾಡುವವರ ಅಂದಾಜು, ಅಂದರೆ ನಿಮ್ಮ ಇಂಗ್ಲಿಷ್ ಸಾಲು 60 ಅಡಿ ಆಚೆಗೂ ಸಲೀಸು. ಕನ್ನಡ ಅದಕ್ಕಿಂತ ಎಷ್ಟೋ ದೂರದಿಂದ ಕರೆಯುತ್ತದೆ.

ಪ್ರಿಂಟಿಗೆ ಕೊಡುವ ಮುಂಚೆ ಬೋರ್ಡಿನ ಚಿತ್ರವನ್ನು ಮೊಬೈಲಿನಲ್ಲಿ ಹೆಬ್ಬೆರಳಿನಷ್ಟು ಸಣ್ಣದು ಮಾಡಿ, ಹೋಟೆಲಿಗೆ ಸಂಬಂಧವೇ ಇಲ್ಲದ ಒಬ್ಬರ ಕೈಲಿ ಓದಿಸಿ. ಅವರು ‘ರ್ಣೇ’ ಹತ್ತಿರ ತಡವರಿಸಿದರೆ ಒತ್ತಿಗೆ ಇನ್ನೂ ಜಾಗ ಬೇಕು. ಅಂಗಡಿಯವರು ಸ್ವಲ್ಪ ಹಿಂಡಿದರೆ ದೊಡ್ಡದಾಗಿ ಬರುತ್ತೆ ಸರ್ ಅಂತ ಹೇಳೇ ಹೇಳುತ್ತಾರೆ, ಒಪ್ಪಬೇಡಿ.